ವೀರನ ವೇಷವೂ ನೋಟಕರ ಆಕ್ಷೇಪಣೆಯೂ

ಉಡುಗೆಯು ದೇಹವನ್ನು ಮುಚ್ಚುವುದಕ್ಕೂ ಚಳಿ ಬಿಸಿಲುಗಳಿಂದ ಕಾಪಾಡುವುದಕ್ಕೂ ಮಾತ್ರ ಇರತಕ್ಕುದೆಂದು ಹೇಳಿದರೆ ಅದು ಅರ್ಧ ಸತ್ಯವೇ ಸರಿ. ಉಡುಗೆಯು ಮಾತನ್ನೂ ಆಡುವುದು. ದಾದಿಯನ್ನು, ಅಂಚೆಯವನನ್ನು, ಪಾದ್ರಿಯವರನ್ನು, ಮದುವಣಗಿತ್ತಿಯನ್ನು ಹೆಸರು ಕೇಳದೆಯೇ ನಾವು ಗುರುತಿಸುವುದು ಉಡುಗೆಯ ಈ ಮಾತಿನಿಂದಲೇ. ನಿತ್ಯಜೀವನದಲ್ಲಿಯೇ ಹೀಗಿರಲು, ಕಥೆಯಲ್ಲಿಯೂ ಚಿತ್ರದಲ್ಲಿಯೂ ಆಟದಲ್ಲಿಯೂ ಬರತಕ್ಕ ವೀರರ ವಿಷಯದಲ್ಲಿ ಹೇಳಬೇಕಾದುದೇನು? ಅವರ ವೇಷವೇ ಅವರ ಹೆಸರು. ಆದುದರಿಂದಲೇ, ಜನರು ಬಹುಕಾಲದಿಂದ ಮೆಚ್ಚಿಕೊಂಡು ಬಂದ ವೀರನೊಬ್ಬನ ವೇಷವನ್ನು ಯಾರಾದರೂ ಬದಲಾಯಿಸಿದರೆಂದರೆ ನೋಟಕರಲ್ಲಿ ದೊಡ್ಡ ಗದ್ದಲವೇಳುವುದು.

ಈ ಗದ್ದಲವನ್ನು ಕಂಡು ಕೆಲವರು ಮೂಢಾಭಿಮಾನವೆಂದು ನಗುವರು. ಮತ್ತೆ ಕೆಲವರು ಅದನ್ನೇ ಧರ್ಮರಕ್ಷಣೆಯೆಂಬಂತೆ ಕೊಂಡಾಡುವರು. ನಮ್ಮ ಅಭಿಪ್ರಾಯದಲ್ಲಿ ಈ ಎರಡೂ ಸರಿಯಲ್ಲ. ನೋಟಕರ ಆಕ್ಷೇಪಣೆಗೆ ಬೆಲೆಯುಂಟು. ಆದರೆ ಆ ಬೆಲೆಯನ್ನು ತೂಗಿ ನೋಡಬೇಕು. ಶಾಲೆಯ ಸ್ಮರಣ ಸಂಚಿಕೆಯಲ್ಲಿ ಈ ವಿಷಯವೇಕೆಂದು ವಾಚಕರು ಕೇಳಬಹುದು. ನಮ್ಮ ಸೀಮೆಯಲ್ಲಿ ಮಕ್ಕಳು ಏನನ್ನು ಉಡಬೇಕು, ಯಾವ ಆಟವನ್ನು ನೋಡಬೇಕು, ಯಾವ ವೇಷವನ್ನು ಕಟ್ಟಬಹುದು ಎಂಬುದನ್ನು ತೀರ್ಮಾನಿಸುವವರು ತಾಯಿತಂದೆಗಳು. ಹಾಗೆ ತೀರ್ಮಾನಿಸುವ ತಾಯಂದಿರಲ್ಲಿ ಅನೇಕರು ಈ ಶಾಲೆಯ ಹಿಂದಿನ ವಿದ್ಯಾರ್ಥಿನಿಯರು. ಆದಕಾರಣ ಈ ಮಾತನ್ನು ಇಲ್ಲಿ ಎತ್ತುವುದು ಅನುಚಿತವಾಗದೆಂದು ನಂಬಿದ್ದೇವೆ.

ಮೊದಲು ದೂರದ ಉದಾಹರಣೆಯನ್ನು ನೋಡೋಣ. ಅಮೆರಿಕಾ ದೇಶದ ಚಿತ್ರಕಥೆಗಳಲ್ಲಿ ೧೯೩೮ನೆಯ ಇಸವಿಯಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಎಂಬ ವೀರನನ್ನು ನಮ್ಮ ಮಕ್ಕಳೂ ಬಲ್ಲರು. ಬಿಗಿಯಾದ ನೀಲಿ ಉಡುಪು, ಬೆನ್ನಿನ ಮೇಲೆ ಹಾರುವ ಕೆಂಪು ವಸ್ತ್ರ, ಎದೆಯ ಮೇಲೆ ಅಕ್ಷರದ ಗುರುತು, ನೀಲಿ ಉಡುಪಿನ ಮೇಲೆ ತೊಟ್ಟ ಕೆಂಪು ಚಡ್ಡಿ, ಇವು ಅವನ ವೇಷ. ೨೦೧೧ರಲ್ಲಿ ಪ್ರಕಾಶಕರು ಕಥೆಯನ್ನು ಹೊಸದಾಗಿ ಆರಂಭಿಸಿದಾಗ ಆ ಕೆಂಪು ಚಡ್ಡಿಯನ್ನು ತೆಗೆದುಹಾಕಿದರು. ೨೦೧೩ರ ಚಲಚ್ಚಿತ್ರದಲ್ಲಿಯೂ ಅದು ಇರಲಿಲ್ಲ. ಹಾಸ್ಯಾಸ್ಪದವಾದುದು ಹೋಯಿತೆಂದು ಕೆಲವರು ಸಂತೋಷಪಟ್ಟರು. ನಮ್ಮ ಬಾಲ್ಯದ ವೀರನನ್ನು ಕಸಿದುಕೊಂಡರೆಂದು ಅನೇಕರು ದೂರಿದರು. ೨೦೧೮ರಲ್ಲಿ ಆ ಪತ್ರಿಕೆಯ ಸಾವಿರದ ಸಂಚಿಕೆಯು ಹೊರಟಾಗ ಚಡ್ಡಿಯು ಮರಳಿ ಬಂದಿತು; ೨೦೨೫ರ ಚಲಚ್ಚಿತ್ರದಲ್ಲಿಯೂ ಬಂದಿತು. ಒಂದು ಗೇಣು ಬಟ್ಟೆಗಾಗಿ ಇಷ್ಟು ವಾದವೇ ಎಂದು ನಾವು ನಗಬಹುದು. ಆದರೆ ಆ ಉಡುಪು ಹುಟ್ಟಿದ ಕಾಲದಲ್ಲಿ ಸರ್ಕಸ್ಸಿನ ಜಟ್ಟಿಗಳು ಅಂತಹ ಚಡ್ಡಿಯನ್ನೇ ತೊಡುತ್ತಿದ್ದರು. ಅಂದು ನೋಡಿದವರಿಗೆ ಅದು ಬಲಶಾಲಿಯ ಗುರುತಾಗಿತ್ತು. ಕಾಲಾಂತರದಲ್ಲಿ ಸರ್ಕಸ್ಸಿನ ಜಟ್ಟಿಯನ್ನು ಲೋಕವು ಮರೆಯಿತು. ಗುರುತು ಮಾತ್ರ ಆ ವೀರನಿಗೇ ಅಂಟಿಕೊಂಡು ಉಳಿಯಿತು.

ಅದೇ ಮನೆತನದ ಕಥೆಗಳಲ್ಲಿ ೧೯೪೧ರಲ್ಲಿ ಬಂದ ವಂಡರ್ ವುಮನ್ ಎಂಬ ವೀರಾಂಗನೆಯ ವಿಷಯವು ನಮ್ಮ ಓದುಗರಿಗೆ ಇನ್ನೂ ಹತ್ತಿರವಾದುದು. ೨೦೧೦ರಲ್ಲಿ ಚಿತ್ರಕಾರ ಜಿಮ್ ಲೀಯವರು ಅವಳಿಗೆ ತುಂಡು ಉಡುಪಿನ ಬದಲು ಕಾಲು ಮುಚ್ಚುವ ಷರಾಯಿಯನ್ನೂ ಮೇಲಂಗಿಯನ್ನೂ ತೊಡಿಸಿದರು. ಯುದ್ಧಕ್ಕೆ ಹೊರಟವಳಿಗೆ ಇದೇ ತಕ್ಕುದೆಂದು ಕೆಲವರು ಮೆಚ್ಚಿದರು. ಇವಳು ನಮ್ಮ ವೀರಾಂಗನೆಯೇ ಅಲ್ಲ, ದಾರಿಯಲ್ಲಿ ಹೋಗುವ ಯಾವಳೋ ಒಬ್ಬಳು ಎಂದು ಕೆಲವರು ಆಕ್ಷೇಪಿಸಿದರು. ಮರುವರ್ಷ ಕಥೆಯನ್ನು ಹೊಸದಾಗಿ ಆರಂಭಿಸಿದಾಗ ಆ ಷರಾಯಿಯನ್ನು ಕೈಬಿಟ್ಟರು. ಈ ವಾದದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲೆತುಕೊಂಡಿರುವುದನ್ನು ಗಮನಿಸಬೇಕು. ಬಂದವಳು ಯಾರೆಂಬ ಗುರುತು ಉಳಿಯಿತೇ ಎಂಬುದು ಒಂದು. ಅವಳು ಮಾಡತಕ್ಕ ಕೆಲಸಕ್ಕೆ ಆ ಉಡುಗೆಯು ಒಪ್ಪುವುದೇ ಎಂಬುದು ಇನ್ನೊಂದು. ಮುಂದೆ ಹೇಳುವುದೆಲ್ಲಕ್ಕೂ ಈ ಎರಡು ಪ್ರಶ್ನೆಗಳೇ ನಮಗೆ ತಕ್ಕಡಿಯ ತಟ್ಟೆಗಳು.

ಇನ್ನು ನಮ್ಮ ಸೀಮೆಗೆ ಬರೋಣ. ಸೊರಬವು ಬನವಾಸಿ ಸಿದ್ದಾಪುರಗಳ ಕಡೆಗೆ ಮೈಚಾಚಿದ ತಾಲ್ಲೂಕು. ಶಿಕಾರಿಪುರವು ಹೊನ್ನಾಳಿ ಹಿರೇಕೆರೂರುಗಳ ಬಯಲಿನ ಕಡೆಗೆ ಮುಖಮಾಡಿದುದು. ಆದಕಾರಣ ನಮ್ಮ ಜನರು ಪುಣ್ಯವಶಾತ್ ಎರಡು ಬಗೆಯ ಬಯಲಾಟಗಳ ನಡುವೆ ಬಾಳುತ್ತಿರುವರು. ಪಡುವಣ ಕಡೆಗೆ ಬಡಗುತಿಟ್ಟಿನ ಯಕ್ಷಗಾನ, ಮೂಡಣ ಕಡೆಗೆ ದೊಡ್ಡಾಟ. ಎರಡರಲ್ಲಿಯೂ ಅರ್ಜುನ ಕರ್ಣರೂ ರಾವಣ ಕೀಚಕರೂ ಬರುವರು. ಎರಡರಲ್ಲಿಯೂ ವೀರನು ಮನುಷ್ಯಮಾತ್ರನಾಗಿ ಕಾಣದೆ ಇಮ್ಮಡಿ ಮುಮ್ಮಡಿ ಆಕಾರದವನಾಗಿ ಕಾಣುವನು. ಅಮೆರಿಕಾದವರು ಕಾಗದದ ಮೇಲೆ ಬಣ್ಣದಿಂದ ಮಾಡಿದುದನ್ನು ನಮ್ಮವರು ಅದಕ್ಕೂ ಬಹಳ ಹಿಂದೆಯೇ ಬಟ್ಟೆ, ಮರ, ಬೇಗಡೆ, ಕನ್ನಡಿಯ ಚೂರುಗಳಿಂದ ಮಾಡಿಕೊಂಡಿದ್ದರು.

ಬಡಗುತಿಟ್ಟಿನ ವೇಷವನ್ನು ಓದಬಲ್ಲವರು ಅದರಲ್ಲಿ ಒಂದು ಲಿಪಿಯನ್ನೇ ಕಾಣುವರು. ಚೌಕಿಯಲ್ಲಿ ಕುಳಿತು ಬಟ್ಟೆಯನ್ನೂ ಜರಿಪಟ್ಟಿಗಳನ್ನೂ ಸುತ್ತಿ ಕಟ್ಟಿದ ದೊಡ್ಡ ಮುಂಡಾಸು ಬಂದಿತೆಂದರೆ ಕರ್ಣಾರ್ಜುನರಂತಹ ಪ್ರೌಢವೀರನು ಬಂದನೆಂದರ್ಥ. ಕೇದಗೆಮುಂದಲೆ ಕಂಡಿತೆಂದರೆ ಅಭಿಮನ್ಯುವಿನಂತಹ ಎಳೆಯ ವೀರನು ಬಂದನೆಂದರ್ಥ. ಕೆಲವು ರಾಜವೇಷಗಳಿಗೆ ಕಿರೀಟ. ರಕ್ಕಸನಾದರೆ ಮುಖದ ತುಂಬ ಬಣ್ಣ, ಅದರ ಮೇಲೆ ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿ. ಎದೆಕಟ್ಟು, ಭುಜಕೀರ್ತಿ, ಅಂಚು ಕಾಣುವಂತೆ ಬಿಗಿದ ಕಸೆ ಸೀರೆ, ಕಾಲಿನ ಗೆಜ್ಜೆ, ಇವೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿದ್ದು ಒಂದು ವಾಕ್ಯವಾಗುವುವು. ಒಂದಕ್ಷರವನ್ನೂ ಕಲಿಯದ ಮುದುಕಿಯು ಗದ್ದೆಯ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದರೂ, ತೆರೆಯ ಮೇಲೆ ಮುಂಡಾಸಿನ ತುದಿಯು ಕಂಡ ಕೂಡಲೇ ಬಂದವನು ಎಂಥವನೆಂದು ಮೊಮ್ಮಗಳಿಗೆ ಹೇಳಬಲ್ಲಳು. ಓದುಬರಹ ಬಾರದವರಿಗೂ ಓದಲು ಬರುವ ಪುಸ್ತಕವೆಂದರೆ ಇದೇ.

ಈ ಪುಸ್ತಕದ ಅಕ್ಷರಗಳು ಒಂದೇ ದಿನ ಬದಲಾಗಲಿಲ್ಲ. ಪಂಜಿನ ಬೆಳಕಿನಲ್ಲಿ ಹೊಳೆಯುವುದಕ್ಕೆಂದು ಕೆಂಪು, ಕಪ್ಪು, ಹಳದಿಗಳನ್ನು ಆರಿಸಿಕೊಂಡ ವೇಷಕ್ಕೆ ಮೊದಲು ಗ್ಯಾಸ್ ದೀಪವೂ ಆಮೇಲೆ ವಿದ್ಯುದ್ದೀಪವೂ ಬಂದುವು. ವೃತ್ತಿ ನಾಟಕದ ಕಂಪನಿಗಳು ಊರೂರು ಸುತ್ತುತ್ತ, ಮಕಮಲ್ಲಿನ ನಿಲುವಂಗಿಗಳನ್ನೂ ಮಿರುಗುವ ಕಿರೀಟಗಳನ್ನೂ ತೋರಿಸಿದುವು. ಗುಬ್ಬಿ ವೀರಣ್ಣನವರ ಕಂಪನಿಯು ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅದನ್ನು ಕಂಡು ಬಂದ ಜನರ ಕಣ್ಣಿಗೆ ಮರದ ಎದೆಕಟ್ಟು ಸಪ್ಪೆಯಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಡೇರೆಯ ಮೇಳಗಳು ಟಿಕೇಟು ಮಾರಿ ಬದುಕಬೇಕಾದಾಗ ಹೊಸತನದ ಆಸೆಯು ಇನ್ನೂ ಹೆಚ್ಚಿತು. ಚಲಚ್ಚಿತ್ರದ ಪ್ರಭಾವವೂ ಸೇರಿತು. ಹೊಸದಾಗಿ ಕಟ್ಟಿದ ಕಲ್ಪಿತ ಪ್ರಸಂಗಗಳಲ್ಲಿ ಬರುವ ರಾಜಕುಮಾರರಿಗೆ ಯಾವ ಮುಂಡಾಸು, ಯಾವ ಕಿರೀಟ ಎಂಬ ವಿಧಿಯೇ ಇಲ್ಲದುದರಿಂದ ಅಲ್ಲಿ ಅವರವರ ಮನಬಂದಂತೆ ವೇಷಗಳಾದುವು. ದೊಡ್ಡಾಟಕ್ಕೂ ಇದೇ ಗತಿಯಾಯಿತು.

ನೋಟಕರು ಸುಮ್ಮನಿರಲಿಲ್ಲ; ಈಗಲೂ ಸುಮ್ಮನಿಲ್ಲ. ಆಟ ಮುಗಿದು ಬೆಳಗಿನ ಜಾವ ಮನೆಗೆ ಹಿಂದಿರುಗುವಾಗಲೂ, ಮರುದಿನ ಅಡಕೆಯ ಚಪ್ಪರದಲ್ಲಿ ಸುಲಿಯುತ್ತ ಕುಳಿತಾಗಲೂ ಈ ಚರ್ಚೆಯು ನಡೆಯುವುದು. ಬಂದವನು ಅರ್ಜುನನೋ ಮದುವೆಯ ಗಂಡೋ ತಿಳಿಯಲಿಲ್ಲವೆಂದು ಹಿರಿಯರು ಹಾಸ್ಯಮಾಡುವರು. ನಿಮ್ಮ ಕಾಲದ ವೇಷವನ್ನೇ ಇಟ್ಟುಕೊಂಡಿದ್ದರೆ ಆಟಕ್ಕೆ ಬರುವವರಾರು ಎಂದು ಕಿರಿಯರು ಮರುನುಡಿಯುವರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಮೇಳವು ಬದುಕಿದ್ದರಲ್ಲವೇ ವೇಷವು ಬದುಕುವುದು? ಆದರೆ ವೇಷವು ಸತ್ತ ಮೇಲೆ ಬದುಕಿರುವ ಮೇಳವು ಯಾವುದರ ಮೇಳ?

ಈ ವಿಷಯದಲ್ಲಿ ಡಾಕ್ಟರ್ ಕೋಟ ಶಿವರಾಮ ಕಾರಂತರ (೧೯೦೨–೧೯೯೭) ಉದಾಹರಣೆಯು ಬಹಳ ಬೋಧಪ್ರದವಾದುದು. ಯಕ್ಷಗಾನವನ್ನು ಕುರಿತ ಅವರ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ನಾಟಕ ಕಂಪನಿಗಳಿಂದ ಎರವಲು ತಂದ ಮಕಮಲ್ಲು ಮಿಂಚುಗಳು ವೇಷದ ಘನತೆಯನ್ನು ಕೆಡಿಸಿದುವೆಂದು ಅವರು ಸಾರಿ, ಹಳೆಯ ಬಣ್ಣಗಳನ್ನೂ ಹಳೆಯ ಕಟ್ಟುಗಳನ್ನೂ ಮರಳಿ ತರಲು ಶ್ರಮಿಸಿದರು. ಹೀಗೆ ವೇಷದಲ್ಲಿ ಪೂರ್ವಾಚಾರದ ಪಕ್ಷಪಾತಿಗಳಾದ ಅವರೇ ಇನ್ನೊಂದು ಕಡೆಯಲ್ಲಿ ರಾತ್ರಿಯೆಲ್ಲ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಮಾತುಗಾರಿಕೆಯನ್ನು ತೆಗೆದು, ಪಿಟೀಲು ಸ್ಯಾಕ್ಸೋಫೋನುಗಳನ್ನು ಸೇರಿಸಿ ನೃತ್ಯರೂಪಕಗಳನ್ನು ಮಾಡಿದರು. ಆಗ ಅರ್ಥಗಾರಿಕೆಯ ರಸಿಕರು ಇದು ಯಕ್ಷಗಾನವೇ ಅಲ್ಲವೆಂದು ಆಕ್ಷೇಪಿಸಿದರು. ವೇಷದ ವಿಷಯದಲ್ಲಿಯಂತೂ ವಿಚಿತ್ರವೇನೆಂದರೆ, ಮಕಮಲ್ಲನ್ನೇ ನೋಡಿ ಬೆಳೆದ ತಲೆಮಾರಿಗೆ ಕಾರಂತರು ತಂದ ಹಳೆಯ ವೇಷವೇ ಹೊಸದು. ಪ್ರಾಚೀನವೆಂದು ನಾವು ಕಾಯಲು ಹೊರಡುವುದು ಅನೇಕ ವೇಳೆ ನಮ್ಮ ಬಾಲ್ಯದಲ್ಲಿ ಕಂಡುದನ್ನು ಮಾತ್ರ. ಅಜ್ಜನ ಬಾಲ್ಯದಲ್ಲಿ ಇದ್ದುದು ಬೇರೆಯೇ ಇರಬಹುದು.

ಹಳೆಯದೆಂದರೆ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ನಮ್ಮ ತಾಲ್ಲೂಕುಗಳಷ್ಟು ಚೆನ್ನಾಗಿ ಉತ್ತರ ಕೊಡುವ ಸ್ಥಳಗಳು ವಿರಳ. ಸೊರಬ ಶಿಕಾರಿಪುರಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿರುವುವು. ತುರುಗಳನ್ನು ಬಿಡಿಸಲು ಹೋಗಿ ಮಡಿದ ವೀರನು ಆ ಕಲ್ಲಿನಲ್ಲಿ ಬರಿಯ ಎದೆಯವನು; ಸೊಂಟದಲ್ಲಿ ಬಿಗಿದ ವಸ್ತ್ರ, ಕಟ್ಟಿದ ತುರುಬು, ಕೈಯಲ್ಲಿ ಕತ್ತಿಯೋ ಬಿಲ್ಲೋ ಇರುವುದು. ಮೇಲಿನ ಪಟ್ಟಿಕೆಯಲ್ಲಿ ದೇವಕನ್ಯೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವರು. ಅವನಿಗೆ ಮುಂಡಾಸೂ ಇಲ್ಲ, ಭುಜಕೀರ್ತಿಯೂ ಇಲ್ಲ, ಮಕಮಲ್ಲೂ ಇಲ್ಲ. ವೀರನ ವೇಷದಲ್ಲಿ ಪ್ರಾಚೀನವಾದುದೇ ಬೇಕೆಂದು ಹಟ ಹಿಡಿಯುವವರು ಈ ಕಲ್ಲಿನ ಮುಂದೆ ನಿಂತು ಉತ್ತರ ಹೇಳಬೇಕಾಗುವುದು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ನಮ್ಮ ವಿದ್ಯಾರ್ಥಿನಿಯರು ಚರಿತ್ರೆಯ ಪಾಠದಲ್ಲಿ ಓದಿರುವರು. ವೇದಾಧ್ಯಯನಕ್ಕಾಗಿ ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ರಾವುತನೊಬ್ಬನಿಂದ ಅವಮಾನ ಹೊಂದಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಖಡ್ಗ ಹಿಡಿದ ವೃತ್ತಾಂತವನ್ನು ಕವಿ ಕುಬ್ಜನು ಸಂಸ್ಕೃತದಲ್ಲಿ ಅಲ್ಲಿ ಬರೆದಿರುವನು. ವೀರನೊಬ್ಬನು ತನ್ನ ವೇಷವನ್ನೇ ಬದಲಾಯಿಸಿಕೊಂಡ ಕಥೆ ಇದಕ್ಕಿಂತ ದೊಡ್ಡದು ನಮ್ಮ ನೆಲದಲ್ಲಿ ಇನ್ನಾವುದು? ಆದರೆ ಇಂದು ಮಯೂರನೆಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಆ ಶಾಸನದ ಬ್ರಹ್ಮಚಾರಿಯಲ್ಲ. ೧೯೭೫ರ ಚಲಚ್ಚಿತ್ರದಲ್ಲಿ ಡಾಕ್ಟರ್ ರಾಜಕುಮಾರರು ಧರಿಸಿದ ಕಿರೀಟಕವಚಗಳ ರೂಪವೇ. ಮುಂದೆ ಯಾರಾದರೂ ಮಯೂರನಿಗೆ ಬೇರೆ ಉಡುಗೆಯನ್ನು ತೊಡಿಸಿದರೆ ನಾವು ರೇಗುವೆವು; ನಾವು ಕಾಯುತ್ತಿರುವುದು ಕದಂಬರ ಕಾಲದ ಉಡುಗೆಯನ್ನಲ್ಲವೆಂಬ ಎಚ್ಚರವು ಆಗ ನಮಗಿದ್ದರೆ ಸಾಕು.

ಹಾಗಾದರೆ ಎಲ್ಲವೂ ಬದಲಾಗತಕ್ಕುದೇ, ಬದಲಾಯಿಸಿದವರಿಗೆ ಅಡ್ಡಿಯೇ ಬೇಡವೇ ಎಂದರೆ, ಹಾಗಲ್ಲ. ಇದಕ್ಕೆ ಉತ್ತರವೂ ನಮ್ಮ ನೆರೆಯಲ್ಲಿಯೇ ಇದೆ. ಬಳ್ಳಿಗಾವಿಯಲ್ಲಿ ಹನ್ನೊಂದನೆಯ ಶತಮಾನದ ಎತ್ತರವಾದ ಕಂಬದ ಮೇಲೆ ಗಂಡಭೇರುಂಡದ ಪ್ರತಿಮೆಯುಂಟು. ಅದರ ಶರೀರವು ಮನುಷ್ಯನದು. ಶಿರಸ್ಸುಗಳು ಮಾತ್ರ ಎರಡು ಪಕ್ಷಿಗಳವು. ಮೈಸೂರು ಸಂಸ್ಥಾನದ ಲಾಂಛನದಲ್ಲಿಯೂ ಈಗಿನ ಕರ್ನಾಟಕದ ಲಾಂಛನದಲ್ಲಿಯೂ ಅದೇ ಗಂಡಭೇರುಂಡವು ಪೂರ್ಣವಾಗಿ ಪಕ್ಷಿಯಾಗಿದೆ. ಶರೀರವೇ ಬದಲಾಯಿತು, ರೆಕ್ಕೆಪುಕ್ಕಗಳು ಬಂದುವು. ಆದರೂ ಸರ್ಕಾರಿ ಬಸ್ಸಿನ ಮೇಲೆ ಅದನ್ನು ನೋಡಿದ ಮಗುವು ತಡವರಿಸದೆ ಗುರುತಿಸುವುದು. ಏಕೆಂದರೆ ಎರಡು ತಲೆಗಳು ಉಳಿದಿರುವುವು. ಆ ಎರಡು ತಲೆಗಳಲ್ಲಿ ಒಂದನ್ನು ತೆಗೆದು, ಉಳಿದುದಕ್ಕೆ ಎಷ್ಟೇ ಚಿನ್ನದ ನೀರು ಹೊಯ್ದಿದ್ದರೂ ಅದು ಹದ್ದಾಗುತ್ತಿತ್ತೇ ಹೊರತು ಗಂಡಭೇರುಂಡವಾಗುತ್ತಿರಲಿಲ್ಲ.

ವೇಷವನ್ನು ಬದಲಾಯಿಸತಕ್ಕವರಿಗೂ ಆಕ್ಷೇಪಿಸತಕ್ಕವರಿಗೂ ಇದೇ ನಮ್ಮ ವಿಜ್ಞಾಪನೆ. ಪ್ರತಿಯೊಬ್ಬ ವೀರನ ವೇಷದಲ್ಲಿಯೂ ಗಂಡಭೇರುಂಡದ ಎರಡು ತಲೆಗಳಂತಹ ಭಾಗವೊಂದಿರುವುದು. ಅದನ್ನು ಮುಟ್ಟಬಾರದು. ಮಿಕ್ಕುದೆಲ್ಲವೂ ಕಾಲಕ್ಕೆ ತಕ್ಕಂತೆ ಹೊಂದಿಕೊಳ್ಳಬಹುದು. ಮರದ ಆಭರಣವು ಭಾರವೆಂದು ಹಗುರವಾದ ವಸ್ತುವಿನಿಂದ ಮಾಡಿದರೆ, ದೂರದಿಂದ ಅದರ ಆಕಾರವೂ ಹೊಳಪೂ ಹಾಗೆಯೇ ಕಾಣುವುದಾದಲ್ಲಿ, ನಷ್ಟವಿಲ್ಲ. ಆದರೆ ಅಭಿಮನ್ಯುವಿಗೂ ಕರ್ಣನಿಗೂ ಒಂದೇ ಮಿರುಗುವ ಕಿರೀಟವನ್ನಿಟ್ಟು, ಯಾರು ಎಳೆಯ ಯಾರು ಹಿರಿಯ ಎಂಬುದು ಮಾತಿನಿಂದಲೇ ತಿಳಿಯಬೇಕಾದರೆ, ಗದ್ದೆಯ ಕೊನೆಯಲ್ಲಿ ಕುಳಿತ ಆ ಮುದುಕಿಯ ಕೈಯಿಂದ ಪುಸ್ತಕವನ್ನು ಕಸಿದುಕೊಂಡಂತಾಯಿತು. ಆಗ ಅವಳು ಆಕ್ಷೇಪಿಸುವುದು ಹಳೆಯದರ ಮೋಹದಿಂದಲ್ಲ. ಓದುಗಳೊಬ್ಬಳು ತನಗೆ ತಿಳಿದ ಲಿಪಿಯನ್ನು ಕೇಳುತ್ತಿರುವಳು. ಆ ಕೇಳಿಕೆಯು ನ್ಯಾಯವಾದುದು.

ಎರಡನೆಯ ತಟ್ಟೆಯಾದ ಕೆಲಸದ ಮಾತನ್ನು ಈಗ ನೋಡೋಣ. ಯಕ್ಷಗಾನವು ಬಹುಕಾಲ ಗಂಡಸರ ಆಟವಾಗಿತ್ತು. ದ್ರೌಪದಿ ಸುಭದ್ರೆಯರ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಪುರುಷವೇಷಕ್ಕೆ ಇಷ್ಟೆಲ್ಲ ವಿಸ್ತಾರವಾದ ಕಟ್ಟುಗಳಿರಲು, ಸ್ತ್ರೀವೇಷಕ್ಕೆ ಸೀರೆ ಕುಪ್ಪಸಗಳೂ ಕೆಲವು ಆಭರಣಗಳೂ ಸಾಕೆನಿಸಿದ್ದುವು. ಈಗ ಕಾಲವು ತಿರುಗಿದೆ. ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಲೀಲಾವತಿ ಬೈಪಾಡಿತ್ತಾಯರು ಭಾಗವತಿಕೆ ಮಾಡಿ ಹೆಂಗಸಿನ ಕಂಠಕ್ಕೆ ರಂಗಸ್ಥಳದಲ್ಲಿ ಸ್ಥಾನವನ್ನು ಗಳಿಸಿಕೊಟ್ಟರು. ಮಹಿಳೆಯರ ತಂಡಗಳು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಏರ್ಪಟ್ಟಿವೆ. ಶಾಲೆಯ ಹುಡುಗಿಯರು ಗೆಜ್ಜೆ ಕಟ್ಟಿ ಅಭಿಮನ್ಯುವಾಗಿ ಕುಣಿಯುತ್ತಿರುವರು.

ಇಲ್ಲಿಯೂ ಆಕ್ಷೇಪಣೆಗಳು ಬರುವುವು. ಅವುಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಹದಿನಾಲ್ಕು ವರ್ಷದ ಹುಡುಗಿಯ ತಲೆಗೂ ಹೆಗಲಿಗೂ ತಕ್ಕಂತೆ ಕೇದಗೆಮುಂದಲೆಯನ್ನು ಚಿಕ್ಕದಾಗಿ, ಎದೆಕಟ್ಟನ್ನು ಹಗುರವಾಗಿ ಕಟ್ಟಿದರೆ, ಸಂಪ್ರದಾಯವು ಕೆಟ್ಟಿತೆಂದು ಹೇಳುವವರಿಗೆ ನಮ್ಮ ಉತ್ತರವು ಸುಲಭ: ಗುರುತು ಉಳಿದಿದೆ, ಕೆಲಸಕ್ಕೆ ಒಪ್ಪಿದೆ, ಆದಕಾರಣ ಕೆಟ್ಟಿಲ್ಲ. ಆದರೆ ಹುಡುಗಿಯರು ಗಂಡುವೇಷವನ್ನೇ ಕಟ್ಟಬಾರದೆಂದು ಹೇಳುವವರ ಆಕ್ಷೇಪಣೆಯು ವೇಷವನ್ನು ಕುರಿತದ್ದೇ ಅಲ್ಲ. ತಲೆತಲಾಂತರದಿಂದ ಗಂಡಸರು ಹೆಣ್ಣುವೇಷವನ್ನು ಕಟ್ಟಿದಾಗ ವೇಷಕ್ಕೆ ಭಂಗ ಬರಲಿಲ್ಲವಷ್ಟೆ? ಈಗ ಭಂಗ ಬಂದಿತೆನ್ನುವುದು ಹೇಗೆ? ಮುಂಡಾಸಿನ ಮೇಲಿನ ಪ್ರೀತಿಯ ಹೆಸರಿನಲ್ಲಿ ಮಗಳನ್ನು ಮನೆಯಲ್ಲಿ ಕೂರಿಸುವ ಮಾತನ್ನು ಸೇರಿಸುವುದು ಮುಂಡಾಸಿಗೂ ಅನ್ಯಾಯ, ಮಗಳಿಗೂ ಅನ್ಯಾಯ. ಈ ಶಾಲೆಯಂತಹ ಸಂಸ್ಥೆಗಳು ಹುಡುಗಿಯರ ಕೈಗೆ ಪುಸ್ತಕವನ್ನು ಕೊಟ್ಟುವು. ರಂಗಸ್ಥಳದ ಪುಸ್ತಕವನ್ನು ಮಾತ್ರ ಅವರು ಮುಟ್ಟಬಾರದೆಂದರೆ ಅದಕ್ಕೆ ಯುಕ್ತಿಯಿಲ್ಲ.

ಕೆಲಸಕ್ಕಾಗಿ ಉಡುಗೆಯು ಬದಲಾಗುವುದನ್ನು ನಾವು ಶಾಲೆಗಳಲ್ಲಿಯೇ ಕಂಡಿದ್ದೇವೆ. ಲಂಗ ದಾವಣಿಗಳು ಅನೇಕ ಪ್ರೌಢಶಾಲೆಗಳ ಸಮವಸ್ತ್ರವಾಗಿದ್ದ ಕಾಲವನ್ನು ಹಿರಿಯ ವಿದ್ಯಾರ್ಥಿನಿಯರು ಬಲ್ಲರು. ಚೂಡಿದಾರವು ಬಂದಾಗ ಎಷ್ಟೋ ಮಂದಿ ತಾಯಂದಿರು ಮೂಗು ಮುರಿದರು. ೨೦೦೬-೦೭ರಿಂದ ಸರ್ಕಾರವು ಎಂಟನೆಯ ತರಗತಿಯ ಹುಡುಗಿಯರಿಗೆ ಬೈಸಿಕಲ್ ಕೊಡಲಾರಂಭಿಸಿದ ಮೇಲೆ, ಹಳ್ಳಿಯಿಂದ ಮೈಲಿಗಟ್ಟಲೆ ದೂರ ಬೈಸಿಕಲ್ ತುಳಿದು ಬರುವವಳಿಗೆ ಯಾವ ಉಡುಗೆಯು ತಕ್ಕುದೆಂದು ಯಾರೂ ವಾದಿಸಬೇಕಾಗಲಿಲ್ಲ. ಆದರೆ ಶಾಲೆಯ ಬಣ್ಣವನ್ನು ಬದಲಾಯಿಸುವ ಮಾತು ಬಂದರೆ ಹಳೆಯ ವಿದ್ಯಾರ್ಥಿನಿಯರು ಮತ್ತೆ ಎದ್ದು ನಿಲ್ಲುವರು, ಅದೂ ಸರಿಯೇ. ಬಟ್ಟೆಯ ಹೊಲಿಗೆಯು ಕೆಲಸಕ್ಕೆ ಸಂಬಂಧಪಟ್ಟುದು. ಬಣ್ಣವು ಗುರುತಿಗೆ ಸಂಬಂಧಪಟ್ಟುದು.

ಕ್ರೈಸ್ತ ಬಾಂಧವರಿಗೂ ಈ ವಾದವು ಹೊಸತಲ್ಲ. ಗೋವೆಯ ಚಿತ್ರಕಾರ ಆಂಜೆಲೊ ದ ಫೊನ್ಸೆಕರು (೧೯೦೨–೧೯೬೭) ಮಾತೆ ಮರಿಯಮ್ಮನಿಗೆ ಸೀರೆಯುಡಿಸಿ, ಭಾರತದ ಹೆಣ್ಣುಮಗಳಂತೆ ಚಿತ್ರಿಸಿದಾಗ, ಐರೋಪ್ಯರ ಚಿತ್ರಗಳಿಗೇ ಒಗ್ಗಿದ ಕಣ್ಣುಗಳು ಅದನ್ನು ಸಹಿಸಲಿಲ್ಲ. ಸ್ವಜನರ ನಿಂದೆಗೆ ಒಳಗಾಗಿ ಅವರು ಪುಣೆಯ ಆಶ್ರಮದಲ್ಲಿ ಚಿತ್ರ ಬರೆಯುತ್ತ ಬಾಳಿದರು. ಆಕ್ಷೇಪಿಸಿದವರು ಮರೆತ ಸಂಗತಿಯೇನೆಂದರೆ, ಯೂರೋಪಿನ ಚಿತ್ರಗಳಲ್ಲಿ ಮಾತೆಯು ಧರಿಸಿದ ನೀಲಿ ನಿಲುವಂಗಿಯೂ ಪಲೆಸ್ತೀನದ ಬಡ ಬಡಗಿಯ ಮನೆಯ ಹೆಂಗಸಿನದಲ್ಲ. ಅದು ಆಯಾ ಚಿತ್ರಕಾರನ ದೇಶದ್ದು. ತೋಳಿನಲ್ಲಿ ಮಗುವನ್ನು ಹಿಡಿದ ತಾಯಿಯ ಭಾವವು ಉಳಿದಿದ್ದರೆ ಮರಿಯಮ್ಮನು ಉಳಿದಳು. ಕರಾವಳಿಯಲ್ಲಿ ಯೇಸುಸ್ವಾಮಿಯ ಚರಿತ್ರೆಯೂ ಯಕ್ಷಗಾನ ಪ್ರಸಂಗವಾಗಿ ರಂಗಕ್ಕೆ ಬಂದಿರುವುದು. ರಾಜಾಧಿರಾಜನೆಂದು ಕೊಂಡಾಡಲ್ಪಟ್ಟು ಮುಳ್ಳಿನ ಕಿರೀಟವನ್ನು ಧರಿಸಿದವನಿಗೆ ಯಾವ ಮುಂಡಾಸನ್ನು ಕಟ್ಟತಕ್ಕುದು? ಇಂತಹ ಪ್ರಶ್ನೆಯನ್ನು ಎದುರಿಸಬೇಕಾದರೆ ವೇಷದ ಲಿಪಿಯನ್ನು ಚೆನ್ನಾಗಿ ಕಲಿತವರೇ ಬೇಕು. ಲಿಪಿಯನ್ನು ಕಲಿಯದೆ ಹೊಸ ವಾಕ್ಯವನ್ನು ಬರೆಯಲಾಗದು.

ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆಯನ್ನು ಹಾಕಿದರೆ ಹರಕು ಹೆಚ್ಚುವುದೆಂಬ ಸಾಮತಿಯನ್ನು ಈ ಶಾಲೆಯಲ್ಲಿ ಓದಿದವರೆಲ್ಲರೂ ಕೇಳಿರುವರು. ಅದನ್ನು ಬದಲಾವಣೆಯೇ ಬೇಡವೆಂಬುದಕ್ಕೆ ಆಧಾರವಾಗಿ ಹಿಡಿಯುವುದು ಯುಕ್ತವಲ್ಲ. ಹೊಲಿಗೆ ಬಲ್ಲ ಹೆಣ್ಣುಮಕ್ಕಳಿಗೆ ಅದರ ಅಭಿಪ್ರಾಯವು ಕೂಡಲೇ ತಿಳಿಯುವುದು: ತೇಪೆ ಹಾಕುವವಳು ಮೊದಲು ಎರಡು ಬಟ್ಟೆಗಳ ಗುಣವನ್ನೂ ತಿಳಿದಿರಬೇಕು. ವೇಷದ ಗುಣವನ್ನರಿಯದೆ ಪೇಟೆಯಲ್ಲಿ ಸಿಕ್ಕ ಮಿಂಚಿನ ಬಟ್ಟೆಯನ್ನು ತಂದು ಅಂಟಿಸುವುದರಿಂದ ಹರಕು ಹೆಚ್ಚುವುದೇ ಸರಿ.

ಹೀಗಿರುವುದರಿಂದ ಪೋಷಕರಲ್ಲಿಯೂ ಹಿಂದಿನ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮಕ್ಕಳು ಸೂಪರ್‌ಮ್ಯಾನನ ಚಿತ್ರವನ್ನು ನೋಡಲಿ, ಅಡ್ಡಿಯಿಲ್ಲ. ಆದರೆ ಊರಿಗೆ ಮೇಳ ಬಂದಾಗ ಅವರನ್ನು ಆಟಕ್ಕೂ ಕರೆದುಕೊಂಡು ಹೋಗಿ, ಸಾಧ್ಯವಾದರೆ ಸ್ವಲ್ಪ ಮುಂಚೆಯೇ ಹೋಗಿ ಚೌಕಿ‍ಯಲ್ಲಿ ವೇಷ ಕಟ್ಟುವುದನ್ನು ತೋರಿಸಿ, ಯಾವುದು ಯಾರ ಮುಂಡಾಸು, ಏಕೆ ಈ ಬಣ್ಣ ಎಂದು ಕಲಾವಿದರನ್ನೇ ಕೇಳಿಸಬೇಕು. ಮನೆಯಲ್ಲಿ ಅಜ್ಜಿಯರಿದ್ದರೆ ಅವರು ಕಂಡ ವೇಷಗಳ ವಿವರವನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು. ಹಳೆಯ ಛಾಯಾಚಿತ್ರಗಳಿದ್ದರೆ ಊರನ್ನೂ ವರ್ಷವನ್ನೂ ಹಿಂದೆ ಬರೆದು ಕಾಪಾಡಬೇಕು. ವೇಷವು ಬದಲಾಯಿತೆಂದು ಕೋಪ ಬಂದಾಗ, ಹೋದುದು ಗುರುತೋ ಅಥವಾ ನಮ್ಮ ಅಭ್ಯಾಸವೋ ಎಂದು ಒಂದು ಗಳಿಗೆ ಯೋಚಿಸಬೇಕು. ಗುರುತೇ ಹೋಗಿದ್ದರೆ ಸಂಕೋಚಪಡದೆ ಮೇಳದ ಯಜಮಾನರಿಗೆ ಹೇಳಬೇಕು. ತಿಳಿದು ಆಡಿದ ಒಂದು ಮಾತು ಬಯ್ಗುಳದ ನೂರು ಮಾತುಗಳಿಗಿಂತ ಹೆಚ್ಚು ಕೆಲಸ ಮಾಡುವುದು.

ನೋಟಕರಿಲ್ಲದೆ ವೀರನಿಲ್ಲ. ನೋಡಿ ಗುರುತಿಸುವ ಕಣ್ಣುಗಳಿರುವವರೆಗೆ ವೇಷವು ಎಷ್ಟು ಸಲ ಹೊಸದಾದರೂ ವೀರನು ಅಳಿಯುವುದಿಲ್ಲ. ಆ ಕಣ್ಣುಗಳೇ ಮಸಕಾದರೆ ಹಳೆಯ ವೇಷವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೂ ಪ್ರಯೋಜನವಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಅಂತಹ ಕಣ್ಣುಗಳು ದೊರೆಯಲೆಂದೂ, ಅವರಲ್ಲಿ ಕೆಲವರಾದರೂ ಗೆಜ್ಜೆ ಕಟ್ಟಿ ತೆರೆಯ ಹಿಂದಿನಿಂದ ಮುಂದೆ ಬರಲೆಂದೂ ಹಾರೈಸುತ್ತೇವೆ.